ರೆಕ್ಕೆ ಕಾರಿನ ವಾಯರ್

ಅಡಿವೆಯ್ಯನವರು ಕಿವಿಗೊಟ್ಟರೆ ಸಾಕು, ಇಂಜಿನ್ನು ತನ್ನ ರೋಗ ತಾನೇ ಹೇಳಿಕೊಳ್ಳುತ್ತದೆ ಎಂದು ದಾಂಡೇಲಿಯ ನಮ್ಮ ಗಲ್ಲಿಯವರು ಹೇಳುತ್ತಿದ್ದರು. ಎದುರು ಮನೆಯ ಶಂಕ್ರೆವ್ವ ಅದಕ್ಕೆ ಇನ್ನೊಂದು ಮಾತು ಸೇರಿಸುವಳು: "ಇಟಲಿ ಕಾರಿಗೆ ಜೀವಾ ಕೊಟ್ಟ ಕೈ ಅವು. ನನ್ನ ಮಿಕ್ಸರ್ ಯಾವ ಲೆಕ್ಕ?" ಹೀಗೆ ಹೇಳಿ ಮಿಕ್ಸರನ್ನು ಅವರ ಕಟ್ಟೆಯ ಮೇಲೆ ಇಟ್ಟೇ ಹೋಗುವಳು. ಅಯ್ಯನವರು ಅದನ್ನೂ ರಿಪೇರಿ ಮಾಡಿ ಕೊಡುತ್ತಿದ್ದರು, ಪಾಪ.

ಇಟಲಿ ಕಾರಿನ ಕತೆ ಗಲ್ಲಿಯ ಮಕ್ಕಳಿಗೂ ಬಾಯಿಪಾಠವಾಗಿತ್ತು. ಅಯ್ಯನವರ ಪಡಸಾಲೆಯಲ್ಲಿ ಒಂದು ದೊಡ್ಡ ಫೋಟೋ. ಕೆಂಪು ಕಾರು, ಸೊಂಟದೆತ್ತರ ಅನ್ನಿ. ಬಾಗಿಲುಗಳು ಪಕ್ಕಕ್ಕೆ ತೆರೆಯದೆ ಹಕ್ಕಿ ರೆಕ್ಕೆ ಎತ್ತಿದ ಹಾಗೆ ಮೇಲಕ್ಕೆ ಎದ್ದಿವೆ. ಅದರ ಪಕ್ಕ ಖಾಕಿ ಅಂಗಿಯ ಅಡಿವೆಯ್ಯ, ಸಣ್ಣ ಮೀಸೆ, ಕೈಯಲ್ಲಿ ಚಾವಿ. ಫೋಟೋದ ಹಿಂದೆ ಬರೆದಿತ್ತು: 'ನನ್ನ ಕಾರನ್ನು ಉಳಿಸಿದ ಉಸ್ತಾದರಿಗೆ, ನಾಗಲಿಂಗಪ್ಪ, ಪುಣೆ.' ಗಿರಾಕಿಗಳು ಬಂದರೆ ಮೊದಲು ಫೋಟೋ ನೋಡುವರು, ಆಮೇಲೆ ಗಾಡಿ ಬಿಡುವರು. ಗೋವಾಕ್ಕೆ ಹೊರಟ ಕಾರು ದಾಂಡೇಲಿಯಲ್ಲಿ ನಿಂತದ್ದು, ಅದರ ಎಕ್ಸಿಲೇಟರ್ ವಾಯರ್ ಹರಿದದ್ದು, ಇಟಲಿಯಿಂದ ತರಿಸಲು ಮೂರು ತಿಂಗಳು ಬೇಕೆಂದದ್ದು, ಅಯ್ಯನವರು ಮೂರು ತಾಸಿನಲ್ಲಿ ಆಟೋರಿಕ್ಷಾದ ವಾಯರ್ ಕೂಡಿಸಿ ಓಡಿಸಿದ್ದು, ಮೂವತ್ತು ವರ್ಷ ಇದನ್ನೆಲ್ಲ ಕೇಳಿದ್ದೇವೆ. ಕೇಳಿ ಬೇಸರವಾಗಿರಲಿಲ್ಲ. ಹೇಳುವ ಬಾಯಿಯೂ ಅಂಥದೇ ಇತ್ತು.

ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆ ಕಾರು ರಿಪೇರಿಯಾದ ಗ್ಯಾರೇಜು ಅಡಿವೆಯ್ಯನವರದಲ್ಲ, ಮಲಕಪ್ಪನದು. ಮಲಕಪ್ಪ ತೇರಗಾಂವದ ಒಕ್ಕಲುತನದವರ ಮಗ, ಪೇಪರ್ ಮಿಲ್ಲಿನ ಲಾರಿಗಳ ರಿಪೇರಿ ಮಾಡುತ್ತ ದಾಂಡೇಲಿಯಲ್ಲೇ ನಿಂತವನು. ಅಡಿವೆಯ್ಯ ಅವನ ಹತ್ತಿರ ಹೆಲ್ಪರ್. ಇಪ್ಪತ್ತೆಂಟು ವಯಸ್ಸು; ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುವುದು, ನಟ್ಟು ಬಿಚ್ಚುವ ಪಾನಾ ಹುಡುಕಿ ಕೊಡುವುದು. ಆದರೆ ಆ ಗ್ಯಾರೇಜಿನಲ್ಲಿ ಒಂದು ರಿವಾಜು ಇತ್ತು. ಕೆಲಸ ಮುಗಿದ ಗಾಡಿಯ ಚಾವಿಯನ್ನು ಮೊದಲ ಸಲ ಮಲಕಪ್ಪ ತಿರುಗಿಸುತ್ತಿರಲಿಲ್ಲ. ಗಾಲಿಗೆ ಲಿಂಬೆಹಣ್ಣು ಇಟ್ಟು, ಚಾವಿಯನ್ನು ಅಡಿವೆಯ್ಯನ ಕೈಗೆ ಕೊಡುತ್ತಿದ್ದ. "ಜಂಗಮರ ಕೈ ಹತ್ತಲಿ" ಎನ್ನುತ್ತಿದ್ದ. ಇಂಜಿನ್ನು ಹೊತ್ತಿಕೊಂಡ ಮೇಲೆ, ತನಗಿಂತ ಹದಿನಾಲ್ಕು ವರ್ಷ ಚಿಕ್ಕವನ ಕಾಲು ಮುಟ್ಟುತ್ತಿದ್ದ.

ರೆಕ್ಕೆ ಕಾರು ಬಂದ ದಿನವೂ ಹಾಗೇ ಆಯಿತು. ಅಷ್ಟು ಉದ್ದದ ವಾಯರ್ ಯಾವ ಕಾರಿನದೂ ಸಿಗಲಿಲ್ಲ. ಮಲಕಪ್ಪ ಒಂದು ಬೀಡಿ ಸೇದಿ ಮುಗಿಸಿ, "ಇದರ ಇಂಜಿನ್ ಹಿಂದ ಐತಿ. ಆಟೋದ್ದೂ ಹಿಂದ ಐತಿ. ಅದರ ವಾಯರ್ ಉದ್ದ ಇರಾಕಬೇಕಲ್ಲ" ಎಂದ. ಅಷ್ಟೇ ಮಾತು. ವಾಯರ್ ತರಿಸಿ, ತುದಿಗೆ ತವರ ಕಾಯಿಸಿ ಗುಂಡು ಬೆಸೆದು, ಅರದಿಂದ ಉಜ್ಜಿ ಕೂರಿಸಿದ. ಚಾವಿ ಅಡಿವೆಯ್ಯನ ಕೈಗೆ ಹೋಯಿತು. ಇಂಜಿನ್ನಿನ ಸಪ್ಪಳ ಕೇಳಿ ಚಹಾದಂಗಡಿಯಿಂದ ಓಡಿ ಬಂದ ಮಾಲೀಕ ನಾಗಲಿಂಗಪ್ಪ ಏನು ಕಂಡ? ಕಾರಿನಲ್ಲಿ ಕೂತ ಒಬ್ಬ, ಅವನ ಕಾಲು ಮುಟ್ಟುವ ಎಣ್ಣೆಗೈಯ ಇನ್ನೊಬ್ಬ. ಅಡಿವೆಯ್ಯನ ಹಣೆಯ ವಿಭೂತಿ ಬೆವರಿನಲ್ಲಿ ಅಳಿಸಿತ್ತು. ಶಿಷ್ಯ ಉಸ್ತಾದನ ಕಾಲು ಮುಟ್ಟುತ್ತಿದ್ದಾನೆ ಎಂದೇ ತಿಳಿದ. ಅಡಿವೆಯ್ಯನನ್ನು ಅಪ್ಪಿಕೊಂಡ. ಫೋಟೋ ತೆಗೆದ.

ಅಡಿವೆಯ್ಯ ಬಾಯಿ ತೆರೆದದ್ದು ನಿಜ. ಆದರೆ ಮಲಕಪ್ಪ ಆಗಲೇ ಕೈ ಒರೆಸಿಕೊಳ್ಳುತ್ತ, ನಗುತ್ತ ಹಿಂದೆ ಸರಿದಿದ್ದ. "ಇರ್ಲಿ ಬಿಡ್ರಿ ಅಯ್ಯಾರ, ಗಾಡಿ ಓಡ್ತಲ್ಲ." ತೆರೆದ ಬಾಯಿ ಮುಚ್ಚಿತು. ಮುಂದೆ ಮೂವತ್ತು ವರ್ಷ ಆ ಬಾಯಿ ಬೇರೆ ಕತೆಯನ್ನೇ ಹೇಳಿತು. ಮಲಕಪ್ಪ ಅಪ್ಪನ ಹೊಲ ನೋಡಲು ತೇರಗಾಂವಕ್ಕೆ ಹೋದ ಮೇಲೆ, ಕತೆಯಲ್ಲಿ ಅವನ ಹೆಸರೂ ಉಳಿಯಲಿಲ್ಲ.

ಹೋದ ವರ್ಷ ಮಾರ್ಗಶಿರದಲ್ಲಿ, ಒಂದು ಶನಿವಾರ ಮಧ್ಯಾಹ್ನ, ನಮ್ಮ ಗಲ್ಲಿಗೆ ಎರಡು ಕಾರು ಬಂದವು. ಒಂದು ಅದೇ ಕೆಂಪು ಕಾರು. ಇನ್ನೊಂದು ಅದೇ ಕಂಪನಿಯ ಹೊಸದು, ಅದೇ ಹೆಸರಿನದು, ಬಣ್ಣ ಮಾತ್ರ ಬೂದಿ. ಹಳೆಯದರಿಂದ ಕೋಲೂರುತ್ತ ನಾಗಲಿಂಗಪ್ಪನವರು ಇಳಿದರು. ಹೊಸದರಿಂದ ಅವರ ಮಗ ಕಿರಣಕುಮಾರ. ಯಾವುದು ಹೆಚ್ಚು ಎಂದು ಅಪ್ಪ ಮಗನಿಗೆ ಪುಣೆಯಿಂದಲೂ ಜಗಳ. ಎರಡನ್ನೂ ಅದೇ ಗೋವಾ ದಾರಿಯಲ್ಲಿ ಓಡಿಸಿ ನೋಡೋಣವೆಂದು ಹೊರಟಿದ್ದರು.

"ಅಪ್ಪಾಜಿ ಕಾರಿನಾಗ ಕೂತ್ರ ಬೆನ್ನು ಸುಡತೈತ್ರಿ," ಎಂದ ಕಿರಣಕುಮಾರ, ನೆರೆದವರಿಗೆಲ್ಲ ಕೇಳುವ ಹಾಗೆ. "ರಿವರ್ಸ್ ಹೋಗಬೇಕಂದ್ರ ಬಾಗಲಾ ಎತ್ತಿ ಅರ್ಧಾ ಮೈ ಹೊರಗ ಹಾಕಬೇಕು. ನಂದರಾಗ ಸುತ್ತ ಕ್ಯಾಮರಾ ಅದಾವ."

"ನಿಂದು ಒಂದು ಬಟನ್ ಒತ್ತಿದ್ರ ಹುಲಿ, ಇನ್ನೊಂದು ಒತ್ತಿದ್ರ ಬೆಕ್ಕು," ಎಂದರು ಅಪ್ಪ. "ನಂದು ಹುಟ್ಟಿದಾಗಿಂದ ಒಂದ ಐತಿ. ಉಸ್ತಾದ, ನೀವ ಹೇಳ್ರಿ. ಇವನ ಕಾರಿನಾಗ ಎಕ್ಸಿಲೇಟರ್ ವಾಯರೇ ಇಲ್ಲಂತ."

"ಬೇಕಾಗಿಲ್ಲ ಕಾಕಾ," ಎಂದ ಮಗ, ಅಯ್ಯನವರಿಗೆ. "ಕಾಲು ಕಂಪ್ಯೂಟರಿಗೆ ಹೇಳತೈತಿ, ಕಂಪ್ಯೂಟರ್ ಇಂಜಿನ್ನಿಗೆ ಹೇಳತೈತಿ."

"ನನ್ನ ಕಾಲಿನ ಮಾತು ಇನ್ನೊಬ್ಬ ಯಾಕ ಹೇಳಬೇಕು?" ಎನ್ನುತ್ತ ಮುದುಕರು ಹಳೆಯ ಕಾರಿನ ಹಿಂದಿನ ಮುಚ್ಚಳ ಎತ್ತಿಸಿದರು. "ನೋಡ್ರಿ ಉಸ್ತಾದ, ನಿಮ್ಮ ವಾಯರ್. ಎಂತೆಂಥವ್ರು ಬದಲೀ ಮಾಡ್ತೇನಂದ್ರು, ನಾ ಮುಟ್ಟಾಕ ಬಿಟ್ಟಿಲ್ಲ. ಈಗ ಎಳಿ ಬಿಚ್ಚಾಕ ಹತ್ತೇತಿ. ನಿಮ್ಮ ಕೈಲೆ ಇನ್ನೊಮ್ಮೆ ಮಾಡಿ ಕೊಡ್ರಿ. ಈ ದಾರಿ ಮ್ಯಾಲೆ ನಂದು ಇದ ಕಡೀ ಸವಾರಿ."

ಗಲ್ಲಿಯೆಲ್ಲ ಅಯ್ಯನವರ ಕೈ ನೋಡುತ್ತಿತ್ತು. ಅವರು ಬಗ್ಗಿದರು. ಆ ತವರದ ಗುಂಡು ಅಲ್ಲೇ ಇತ್ತು, ಅರದ ಗೆರೆ ಸಹಿತ. ಅದನ್ನು ಹೇಗೆ ಬೆಸೆದದ್ದೆಂದು ಅವರಿಗೆ ಆ ದಿನವೂ ಗೊತ್ತಿರಲಿಲ್ಲ. ಮಲಕಪ್ಪ ಬೆಸೆಯುವಾಗ ಅವರು ಅತ್ತ ಕೂತು ನಟ್ಟು ಬೋಲ್ಟು ತೊಳೆಯುತ್ತಿದ್ದರು.

"ಕೈ ನಡಗತಾವ್ರಿ ಸಾಹೇಬ್ರ," ಎಂದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ವಯಸ್ಸು," ಎಂದರು ನಾಗಲಿಂಗಪ್ಪ, ಮೃದುವಾಗಿ. ಆಮೇಲೆ ಏನೋ ನೆನಪಾಗಿ ಕೇಳಿದರು: "ಆ ದಿನ ನಿಮ್ಮ ಜೋಡಿ ಒಬ್ಬಾಂವ ಇದ್ದನಲ್ಲ, ನಿಮ್ಮ ಕಾಲು ಮುಟ್ಟಿದಾಂವ? ಯಾರಾಂವ?"

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬರಲಾರದು. ಗಲ್ಲಿ ನಿಂತಿತ್ತು, ಹೆಂಡತಿ ದ್ರಾಕ್ಷಾಯಣಿ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದರು.

"ಅಂವ... ಹೆಲ್ಪರ್ ಇದ್ದನ್ರೀ," ಎಂದರು ಅಡಿವೆಯ್ಯನವರು.

ನಾಗಲಿಂಗಪ್ಪನವರು ಅವರಿಗೆ ಶಾಲು ಹೊದಿಸಿದರು. ಗಲ್ಲಿ ಚಪ್ಪಾಳೆ ತಟ್ಟಿತು. ನಾಳೆ ಹತ್ತಕ್ಕೆ ಬಂದು, ಬೆಳಗಿನ ಬಿಸಿಲಿನಲ್ಲಿ ಎರಡೂ ಕಾರುಗಳ ನಡುವೆ ಉಸ್ತಾದರ ಫೋಟೋ ತೆಗೆದುಕೊಂಡೇ ಗೋವಾಕ್ಕೆ ಹೋಗುವುದಾಗಿ ಹೇಳಿ ಹೊರಟರು.

ದ್ರಾಕ್ಷಾಯಣಿ ತಾಟು ಇಟ್ಟರು. ಅವರು ಜಗಳದ ಹೆಂಗಸಲ್ಲ. "ನಮ್ಮ ಮಗಳು ಸುಮಿತಾ ಹುಟ್ಟಿದಾಗ ತೊಟ್ಟಿಲಕ್ಕ ಬೇರಿಂಗ್ ಹಾಕಿ ಕೊಟ್ಟಾಂವ ಮಲಕಪ್ಪಣ್ಣ," ಎಂದರು. "ಒಂದು ಬೆರಳಿಲೆ ದೂಡಿದ್ರ ತಾಸುಗಟ್ಲೆ ತೂಗತಿತ್ತು. ಹೆಲ್ಪರ್ ಅಂದ್ರೇನ್ರೀ ಅವಗ?" ಮತ್ತೆ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದರು. ಅಯ್ಯನವರು ಆ ದಿನ ರೊಟ್ಟಿ ಮುರಿಯಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹಳಿಯಾಳ, ಅಲ್ಲಿಂದ ತೇರಗಾಂವ. ಮಲಕಪ್ಪ ಹಿತ್ತಲಲ್ಲಿ ನೀರಿನ ಪಂಪು ಬಿಚ್ಚಿಕೊಂಡು ಕೂತಿದ್ದ. ಅಯ್ಯನವರನ್ನು ಕಂಡವನೇ ಮಂಡಿ ಹಿಡಿದು ಎದ್ದು ಕಾಲು ಮುಟ್ಟಲು ಬಗ್ಗಿದ. ಅಡಿವೆಯ್ಯನವರು ಹಿಂದೆ ಸರಿದರು. ಬೆನ್ನು ಗೋಡೆಗೆ ತಾಗಿತು.

"ಮುಟ್ಟಬ್ಯಾಡೋ ಮಲಕಪ್ಪಣ್ಣ. ಮೊದಲ ಕೇಳು." ಎಲ್ಲ ಹೇಳಿದರು. ಫೋಟೋ ಹೇಳಿದರು, ಮೂವತ್ತು ವರ್ಷದ ಕತೆ ಹೇಳಿದರು, ನಿನ್ನೆಯ ಆ ಒಂದು ಮಾತೂ ಹೇಳಿದರು.

ಮಲಕಪ್ಪ ಕೇಳಿ ಕೈಯ ಎಣ್ಣೆ ಒರೆಸಿಕೊಂಡ. ಆಮೇಲೆ, "ಆ ವಾಯರ್ ಇನ್ನಾ ಐತೇನ್ರಿ?" ಎಂದ.

"ಐತಿ."

"ಎಷ್ಟ ಎಳಿ ಹರದಾವ?"

"ಮೂರೋ ನಾಕೋ."

"ಹಂಗಾರ ಘಟ್ಟಾ ದಾಟೂದಿಲ್ಲ ಅದು. ನಡೀರಿ ಹೋಗೂಣು." ಒಳಗಿಂದ ತವರದ ತುಂಡು, ಕಾಯಿಸುವ ಕಬ್ಬಿಣ, ಅರ ಚೀಲಕ್ಕೆ ಹಾಕಿಕೊಂಡ. ಬೈದಿದ್ದರೆ ಅಯ್ಯನವರಿಗೆ ಬಸ್ಸಿನಲ್ಲಿ ಕೂರುವುದು ಸುಲಭವಾಗುತ್ತಿತ್ತು. ಅವನು ಹಳಿಯಾಳದಲ್ಲಿ ಇಳಿದು ಆಟೋ ವಾಯರ್ ಕೊಂಡ, ದಾರಿಯುದ್ದಕ್ಕೂ ಪಂಪಿನ ಮಾತನ್ನೇ ಆಡಿದ.

ಹತ್ತೂವರೆಗೆ ಗಲ್ಲಿ ಮತ್ತೆ ತುಂಬಿತ್ತು. ನಾಗಲಿಂಗಪ್ಪನವರು ಗಡಿಯಾರ ನೋಡುತ್ತ ನಿಂತಿದ್ದರು. ಅಡಿವೆಯ್ಯನವರು ಶಾಲನ್ನು ಎರಡೂ ಕೈಯಲ್ಲಿ ಹಿಡಿದು ಬಂದರು.

"ಸಾಹೇಬ್ರ, ನಿನ್ನೆ ನೀವು ಹೆಲ್ಪರ್ ಯಾರಂತ ಕೇಳಿದ್ರಿ. ಹೆಲ್ಪರ್ ನಾನು. ಉಸ್ತಾದ ಇವರು. ನಾ ಬರೇ ಚಾವಿ ತಿರುವಿದಾಂವ."

ಶಂಕ್ರೆವ್ವ ಸೆರಗನ್ನು ಬಾಯಿಗೆ ಹಿಡಿದಳು. ನಾಗಲಿಂಗಪ್ಪನವರು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. "ಮೂವತ್ತು ವರ್ಷ ನಾ ತಪ್ಪು ಮನಿಶ್ಯಾನ ಹೆಸರು ಹೇಳ್ಕೋತ ಬಂದೆ," ಎಂದರು. ಅದು ಬೈಗುಳವಾಗಿರಲಿಲ್ಲ. ಅದಕ್ಕೇ ಅಯ್ಯನವರು ತಲೆ ಎತ್ತಲಿಲ್ಲ.

ಅಯ್ಯನವರು ಶಾಲನ್ನು ಮಲಕಪ್ಪನ ಹೆಗಲಿಗೆ ಹಾಕಿದರೆ ಅವನು ತೆಗೆದು ಮಡಚಿ ದ್ರಾಕ್ಷಾಯಣಿಯ ಕೈಗಿಟ್ಟ. "ಇದನ್ನ ಹೊತಗೊಂಡು ಹೊಲಕ್ಕ ಹೋದ್ರ ಎತ್ತು ಬೆದರತಾವ ತಂಗಿ." ಕಾರಿನ ಹಿಂದೆ ಬಗ್ಗಿದ. ಕಿರಣಕುಮಾರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ. ಹೊಸ ಕಾರಿನ ಮಾತು ಅವನು ಮತ್ತೆ ಎತ್ತಲಿಲ್ಲ. ತಾಸೊಪ್ಪತ್ತಿನಲ್ಲಿ ಗುಂಡು ಬೆಸೆದಾಯಿತು, ವಾಯರ್ ಕೂತಿತು. ಮಲಕಪ್ಪ ಕೈ ಒರೆಸಿಕೊಂಡು ಗಾಲಿಗೆ ಲಿಂಬೆಹಣ್ಣು ಇಟ್ಟ. ನಾಗಲಿಂಗಪ್ಪನವರ ಕೈಯಿಂದ ಚಾವಿ ಇಸಿದುಕೊಂಡು ಅಡಿವೆಯ್ಯನವರ ಮುಂದೆ ಹಿಡಿದ.

"ಅಯ್ಯಾರ, ತಿರುವ್ರಿ."

"ಬ್ಯಾಡೋ ಮಾರಾಯ. ನೀನ ತಿರುವು."

"ನನ್ನ ಗ್ಯಾರೇಜಿನ ರಿವಾಜ್ರೀ ಇದು. ನಿಮ್ಮ ಸುಳ್ಳಿನ ಸಲುವಾಗಿ ನಾ ಯಾಕ ಬಿಡ್ಲಿ?"

ಆ ಮಾತಿನಲ್ಲಿ ನಗುವೂ ಇತ್ತು, ಸುಳ್ಳು ಎಂಬ ಶಬ್ದವೂ ಇತ್ತು. ಅಯ್ಯನವರು ಕೂತು ಚಾವಿ ತಿರುವಿದರು. ಇಂಜಿನ್ನು ಗುಡುಗಿತು, ಕಿಟಕಿಯ ಗಾಜುಗಳು ನಡುಗಿದವು. ಮಲಕಪ್ಪ ಬಗ್ಗಿ ಅವರ ಕಾಲು ಮುಟ್ಟಿದ. ಈ ಸಲ ಚಪ್ಪಾಳೆ ಇರಲಿಲ್ಲ.

ಮುಂದಿನ ತಿಂಗಳು ಅಯ್ಯನವರು ಮನೆ ಖಾಲಿ ಮಾಡಿದರು. ಸನವಳ್ಳಿಗೆ, ಮಗಳು ಸುಮಿತಾಳ ಮನೆಗೆ ಹೋಗುವುದೆಂದು ಗಣೇಶ ಚೌತಿಯಲ್ಲೇ ನಿಶ್ಚಯವಾಗಿತ್ತು. ಆದರೂ ಗಲ್ಲಿ, ಮುಖ ತೋರಿಸಲಾರದೆ ಹೊರಟರು ಎಂದಿತು. ಅಲ್ಲ ಎಂದು ಅವರು ಹೇಳಲಿಲ್ಲ. ಹೇಳಿದರೂ ಅವರ ಮಾತನ್ನು ನಂಬುವವರು ಯಾರು? ಆ ತಿಂಗಳು ಶಂಕ್ರೆವ್ವನ ಮಿಕ್ಸರ್ ಪೇಟೆಯ ಅಂಗಡಿಗೆ ಹೋಗಿತ್ತು.

ಸಾಮಾನು ಟೆಂಪೋ ಏರಿತು. ಪಡಸಾಲೆಯ ಗೋಡೆಯಲ್ಲಿ ಫೋಟೋ ಇದ್ದ ಜಾಗ ಮಾತ್ರ ಸುಣ್ಣ ಬಳಿದಂದಿನ ಹಾಗೆ ಬೆಳ್ಳಗಿತ್ತು. ಶಂಕ್ರೆವ್ವ ದಾರಿಗೆ ಬುತ್ತಿ ಕಟ್ಟಿ ತಂದಳು, ಮುಖ ನೋಡದೆ ಕೊಟ್ಟಳು. ಅಯ್ಯನವರ ಕಂಕುಳಲ್ಲಿ ಫೋಟೋ, ಮುಖ ಒಳಗೆ ಮಾಡಿ.

"ಅಲ್ಲಿ ಎಲ್ಲಿ ಹಾಕ್ತೀರಿ ಅಯ್ಯಾರ ಇದನ್ನ?"

"ಹಾಕೂದಿಲ್ಲವ್ವಾ."

ಹೊಸ್ತಿಲು ದಾಟಿ ಇಳಿದರು. ಮನೆಯ ಬೀಗದ ಚಾವಿ ಅವರ ಕೈಯಲ್ಲೇ ಇತ್ತು. ಒಂದು ಗಳಿಗೆ ಅದನ್ನು ನೋಡಿ ದ್ರಾಕ್ಷಾಯಣಿಯ ಕಡೆ ಚಾಚಿದರು.

"ತಗೋ, ನೀನ ಹಾಕು."

ಅವರು ಬೀಗ ಹಾಕಿ ಎಳೆದು ನೋಡುವ ಹೊತ್ತಿಗೆ ಅಯ್ಯನವರು ಟೆಂಪೋ ಹತ್ತಿ ಕೂತಿದ್ದರು, ಮುಂದೆ ಡ್ರೈವರನ ಪಕ್ಕದಲ್ಲಲ್ಲ, ಹಿಂದೆ, ಸಾಮಾನಿನ ನಡುವೆ.