ಅಳತೆಯಮ್ಮನ ಸ್ಪ್ಯಾನರು

ಅಳತೆ ತೆಗೆಯದೆ ಆಕೆ ಯಾವುದಕ್ಕೂ ಕತ್ತರಿ ಹಾಕಿದವಳಲ್ಲ. ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುವ ಕೆಲಸ, ಕೊರಳಲ್ಲಿ ಸದಾ ನೇತಾಡುವ ಟೇಪು. ಹಳೆಯ ಗಿರಾಕಿ ಯಾರಾದರೂ ಬಂದು, "ಹೋದ ವರ್ಷದ ಅಳತೆಗೇ ಹೊಲಿದುಬಿಡಿ" ಅಂದರೆ, "ಹೋದ ವರ್ಷದ ಹೊಟ್ಟೇನೂ ತಂದಿದ್ದೀರಾ?" ಎಂದು ಮುಲಾಜಿಲ್ಲದೆ ಕೇಳುವವಳು. ಬೀದಿಯವರು ಅವಳಿಗೆ ಅಳತೆಯಮ್ಮ ಎಂದು ಹೆಸರಿಟ್ಟಿದ್ದರಲ್ಲಿ ತಪ್ಪೇನೂ ಇಲ್ಲ. ನಾವೂ ಹಾಗೇ ಕರೆಯೋಣ.

ಅಳತೆಯಮ್ಮನಿಗೆ ಇದ್ದವಳು ಒಬ್ಬಳೇ ತಂಗಿ. ಇಬ್ಬರದೂ ಒಂದೇ ಮನೆ, ಒಂದೇ ಒಲೆ, ದಿನಕ್ಕೆ ಎರಡು ಜಗಳ. ತಂಗಿಯ ಮೂತ್ರಪಿಂಡಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಏಳು ಗಂಟೆಗೆ, ಊರಾಚೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮೈಯ ರಕ್ತವನ್ನೆಲ್ಲ ಯಂತ್ರದೊಳಗೆ ಹಾಯಿಸಿ, ತೊಳೆದು, ವಾಪಸು ಬಿಡುವುದು. ಏಳೂಕಾಲು ದಾಟಿತೋ, ಹಾಸಿಗೆ ಬೇರೆಯವರ ಪಾಲು. ಅಷ್ಟು ಬೆಳಿಗ್ಗೆ ಆ ಕಡೆಗೆ ಬಸ್ಸಿಲ್ಲ. ಹಾಗಾಗಿ ಕಾರೇ ಗತಿ. ಅದೋ, ಹದಿನೇಳು ವರ್ಷದ್ದು. ಅದರ ಬಣ್ಣ ಬೂದಿಯೋ ನೀಲಿಯೋ ಎಂಬುದು ಅಕ್ಕತಂಗಿಯರ ಜಗಳದ ಕಾಯಂ ವಿಷಯಗಳಲ್ಲಿ ಒಂದು.

ಕಾರನ್ನು ನೋಡಿಕೊಳ್ಳುತ್ತಿದ್ದವನು ಮೂರನೇ ತಿರುವಿನ ಮೆಕ್ಯಾನಿಕ್. ಅವನನ್ನು ಎಲ್ಲರೂ ನಾಳೆಯಪ್ಪ ಅನ್ನುತ್ತಿದ್ದರು. ಕೆಟ್ಟವನಲ್ಲ, ಪಾಪ. ಕೈಯಲ್ಲಿ ವಿದ್ಯೆ ಇತ್ತು, ಬಾಯಲ್ಲಿ ಮಾತ್ರ ಯಾವಾಗಲೂ ನಾಳೆ.

ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಾರು ಟಿಕ್ ಅಂತು, ಅಷ್ಟೇ. ಇನ್ನೊಂದು ಸಲ ತಿರುಗಿಸಿದರೆ ಅದೂ ಇಲ್ಲ. ಬಾಡಿಗೆ ಗಾಡಿಯವರು ಅಷ್ಟು ದೂರ ಒಪ್ಪಲಿಲ್ಲ. ನಾಳೆಯಪ್ಪನಿಗೆ ಫೋನ್ ಮಾಡಿದರೆ, "ನಾಳೆ ಪಕ್ಕಾ ಬರ್ತೀನಮ್ಮಾ." ಆ ನಾಳೆ ಬರಲಿಲ್ಲ. ಮರುದಿನದ ಹೊತ್ತಿಗೆ ತಂಗಿಯ ಪಾದ ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ಇದ್ದಳು. ಅಂತೂ ಮೂರನೇ ದಿನ ನಾಳೆಯಪ್ಪ ಬಂದ. ಬಾನೆಟ್ ಎತ್ತಿದ, ಜೇಬಿನಿಂದ ಬೆರಳುದ್ದದ ಸ್ಪ್ಯಾನರ್ ತೆಗೆದ, ಬ್ಯಾಟರಿ ತಂತಿಯ ನಟ್ಟನ್ನು ಒಂದೂವರೆ ಸುತ್ತು ತಿರುಗಿಸಿದ.

"ಆಯ್ತಮ್ಮಾ. ನಟ್ ಲೂಸ್ ಆಗಿತ್ತು, ಅಷ್ಟೇ."

ಅಷ್ಟೇ! ಒಡಹುಟ್ಟಿದವಳ ಜೀವ ಬಾಯಿಗೆ ಬಂದಿತ್ತು, ಕಾರಣ ಒಂದೂವರೆ ಸುತ್ತು. ಅಳತೆಯಮ್ಮನಿಗೆ ಬಂದ ಸಿಟ್ಟು ನಾಳೆಯಪ್ಪನ ಮೇಲಲ್ಲ, ತನ್ನ ಮೇಲೇ. ಹತ್ತು ಪದರ ಬಟ್ಟೆಯನ್ನು ಒಂದೇ ಏಟಿಗೆ ಕತ್ತರಿಸುವ ಕೈ ಇದು, ಒಂದು ನಟ್ಟು ತಿರುಗಿಸಲು ಬಾರದೆ ಮೂರು ದಿನ ದಾರಿ ಕಾಯುತ್ತ ಕೂತಿತ್ತಲ್ಲ! ಆಸ್ಪತ್ರೆಯ ದಾರಿಯಲ್ಲಿ ತಂಗಿ, "ಬಿಟ್ಬಿಡು ಅಕ್ಕ. ನನ್ನಿಂದ ನಿಂಗೆ ಎಷ್ಟು ಕಾಟ. ಇನ್ನು ಸಾಕು" ಅಂದಳು. ಆ ಮಾತನ್ನು ಇತ್ತೀಚೆಗೆ ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಪ್ರತಿ ಸಲವೂ ಅಳತೆಯಮ್ಮ ಬೈಯುತ್ತಿದ್ದಳು.

"ಬಾಯ್ಮುಚ್ಕೊಂಡು ಕೂತ್ಕೋ. ಇನ್ಮೇಲೆ ಈ ಕಾರಿನ ಚಿಲ್ಲರೆ ಕೆಲಸ ಎಲ್ಲಾ ನಾನೇ ಮಾಡೋದು."

"ನೀನಾ? ಮನೆ ಬಲ್ಬ್ ಹಾಕೋಕೆ ಪಕ್ಕದ್ಮನೆಯವರನ್ನ ಕರೀತೀಯ!"

"ಕರೀತಿದ್ದೆ."

ಬೇರೆ ಯಾರಾದರೂ ಆಗಿದ್ದರೆ ಆ ಸಂಜೆಯೇ ಸ್ಪ್ಯಾನರು ಕೊಳ್ಳಲು ಅಂಗಡಿಗೆ ಓಡುತ್ತಿದ್ದರು. ಅಳತೆಯಮ್ಮ ಹೋಗಲಿಲ್ಲ. ಮೊದಲು ಮೈ ಅಳತೆ, ಆಮೇಲೆ ಬಟ್ಟೆ. ನಾಳೆಯಪ್ಪನ ಗ್ಯಾರೇಜಿನೆದುರು ಮೂರು ಮಧ್ಯಾಹ್ನ ಸ್ಟೂಲು ಹಾಕಿಕೊಂಡು ಕೂತಳು. ಅವನ ಗೋಡೆಯ ಮೇಲೆ ನೂರಾರು ಸಾಮಾನು ನೇತಾಡುತ್ತಿದ್ದವು. ಅವನ ಕೈ ಮಾತ್ರ ಮತ್ತೆ ಮತ್ತೆ ಹೋಗುತ್ತಿದ್ದುದು ಏಳೆಂಟರ ಮೇಲೆ. ಅವನ್ನಷ್ಟೇ ಬರೆದುಕೊಂಡಳು. ಆಮೇಲೆ ಮನೆಗೆ ಬಂದು ತನ್ನ ಕಾರಿನ ಒಂದೊಂದು ನಟ್ಟಿನ ಮೇಲೂ ತೆಳು ಕಾಗದ ಇಟ್ಟು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಉಜ್ಜಿದಳು. ಕಾಗದದ ಮೇಲೆ ಆರು ಮೂಲೆಯ ಅಚ್ಚು ಮೂಡಿತು. ಪಕ್ಕದಲ್ಲಿ ಬರೆದಳು: ಬ್ಯಾಟರಿ, ಚಕ್ರ, ಎಣ್ಣೆ ಇಳಿಸುವ ಬೋಲ್ಟು. ಅಚ್ಚು ತೆಗೆಯುವಾಗಲೇ ಡಿಕ್ಕಿಯ ತಳದಲ್ಲಿ ಮಲಗಿದ್ದ ಹೆಚ್ಚುವರಿ ಚಕ್ರ ಕಣ್ಣಿಗೆ ಬಿತ್ತು. ಒತ್ತಿ ನೋಡಿದರೆ ಗಾಳಿಯೇ ಇಲ್ಲ. ಎಷ್ಟು ವರ್ಷದಿಂದ ಹಾಗೆ ಮಲಗಿತ್ತೋ ಏನೋ. ಪಟ್ಟಿಗೆ ಕಾಲಿನಿಂದ ಒತ್ತುವ ಗಾಳಿ ಪಂಪು, ಗಾಳಿಯ ಒತ್ತಡ ನೋಡುವ ಮೀಟರು ಸೇರಿದವು.

ಅಂಗಡಿಯವನು ಅವಳ ಮುಂದೆ ಸೂಟ್‌ಕೇಸಿನಂಥ ಡಬ್ಬ ತೆರೆದ. ಒಳಗೆಲ್ಲ ಥಳಥಳ.

"ಇದು ತಗೊಳ್ಳಿ ಅಮ್ಮಾ. ನೂರೆಂಟು ಪೀಸು. ಇದರಲ್ಲಿ ಇಲ್ಲದ್ದೇ ಇಲ್ಲ."

"ನನ್ನ ಕಾರಿಗೆ ನೂರೆಂಟು ನಟ್ಟೇ ಇಲ್ಲವಲ್ಲಪ್ಪ."

"ಇರಲಿ ಅಮ್ಮಾ, ಯಾವತ್ತಾದ್ರೂ ಬೇಕಾಗುತ್ತೆ."

"ಯಾವತ್ತಾದ್ರೂ ಬೇಕಾಗೋದನ್ನ ಯಾವತ್ತಾದ್ರೂ ಕೊಂಡ್ಕೋತೀನಿ." ಒಂದು ಸ್ಪ್ಯಾನರನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದಳು. ಹಗುರ. ಅಂಚಿನ ಮೇಲೆ ಉಗುರು ಎಳೆದಳು, ಹೊಳಪು ಸಿಪ್ಪೆ ಎದ್ದಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಬಟ್ಟೆಯವಳಿಗೆ ಯಾರೂ ಹೇಳಿಕೊಡಬೇಕಿಲ್ಲ. "ಇದನ್ನ ಒಳಗಿಡಿ. ದಿನಾ ಕೆಲಸ ಮಾಡೋರು ಕೊಳ್ಳೋದನ್ನ ತೋರಿಸಿ."

ಸೀಮೆಸುಣ್ಣದ ಅಚ್ಚುಗಳನ್ನು ಅಂಗಡಿಯ ಮೇಜಿನ ಮೇಲೆ ಸಾಲಾಗಿ ಹಾಸಿದಾಗ ಅವನು ನಕ್ಕ. ಸ್ಪ್ಯಾನರುಗಳನ್ನು ಒಂದೊಂದಾಗಿ ಅಚ್ಚಿನ ಮೇಲೆ ಇಟ್ಟು ನೋಡಿದ ಮೇಲೆ ನಗುವುದನ್ನು ಬಿಟ್ಟ. ಹತ್ತನೇ ನಂಬರಿನ ಸ್ಪ್ಯಾನರು ಬ್ಯಾಟರಿಗೆ, ಹದಿನೇಳರದು ಎಣ್ಣೆಯ ಬೋಲ್ಟಿಗೆ, ಹತ್ತೊಂಬತ್ತರದು ಚಕ್ರಕ್ಕೆ. ಅಂತೂ ಅವಳು ಆರಿಸಿದ್ದು ಇಷ್ಟು: ನಾಲ್ಕು ಸ್ಪ್ಯಾನರು, ಎರಡು ಸ್ಕ್ರೂಡ್ರೈವರು, ಒಂದು ಇಕ್ಕಳ, ಚಕ್ರ ಬಿಚ್ಚಲು ಉದ್ದ ಹಿಡಿಯ ಸ್ಪ್ಯಾನರು, ಜಾಕು, ಪಂಪು, ಮೀಟರು, ದಪ್ಪ ಕೈಗವಸು. ಹಿಡಿ ಯಾಕೆ ಅಷ್ಟು ಉದ್ದ ಎಂದು ಅಂಗಡಿಯವನು ಕೇಳಿದ್ದಕ್ಕೆ, "ನನ್ನ ತೋಳು ಗಿಡ್ಡ. ಅದಕ್ಕೆ ಅದಾದ್ರೂ ಉದ್ದ ಇರಲಿ" ಅಂದಳು. ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು ಅನ್ನುವುದು ಇದಕ್ಕೇ.

ಆ ಭಾನುವಾರ ಮನೆಯ ಮುಂದೆಯೇ ಅಭ್ಯಾಸ ಶುರು. ಯುದ್ಧಕಾಲೇ ಶಸ್ತ್ರಾಭ್ಯಾಸ ಮಾಡುವ ಪೈಕಿ ಅಲ್ಲ ಅವಳು. ಮೊದಲು ಪಂಪಿನಿಂದ ಹೆಚ್ಚುವರಿ ಚಕ್ರಕ್ಕೆ ಗಾಳಿ ತುಂಬಿದಳು. ಆಮೇಲೆ ಮುಂದಿನ ಎಡ ಚಕ್ರ ಬಿಚ್ಚಿದಳು, ಮತ್ತೆ ಹಾಕಿದಳು. ತಂಗಿ ಮೆಟ್ಟಿಲ ಮೇಲೆ ಕೂತು, "ಪರವಾಗಿಲ್ವೇ, ಪಾಸು!" ಎಂದು ಚಪ್ಪಾಳೆ ತಟ್ಟಿದಳು. ಕಾರು ಬೀದಿ ತುದಿ ಮುಟ್ಟುವಷ್ಟರಲ್ಲಿ ಸ್ಟಿಯರಿಂಗ್ ಗಡಗಡ ನಡುಗಿತು. ಅಳತೆಯಮ್ಮ ಮುಖ ಸಣ್ಣದು ಮಾಡಿಕೊಂಡು ನಾಳೆಯಪ್ಪನ ಬಾಗಿಲಿಗೇ ಹೋದಳು. ಅವನು ಚಕ್ರ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಒಂದು ನಟ್ಟು ಪೂರ್ತಿ ಬಿಗಿದು, ಅದರ ಪಕ್ಕದ್ದು, ಅದರ ಪಕ್ಕದ್ದು... ಹೀಗೆ ಸುತ್ತಿ ಬಂದಿದ್ದೀರಾ? ಲಂಗದ ಅಂಚು ಮಡಚಿ ಹೊಲಿದಂಗೆ?"

"ಹೌದು. ಮತ್ತೆ ಹೇಗೆ?"

"ಚಕ್ರ ಸೊಟ್ಟ ಕೂತಿದೆ ಅಮ್ಮಾ. ಮೇಲಿಂದು ಸ್ವಲ್ಪ ಬಿಗೀರಿ, ಆಮೇಲೆ ಅದರ ಎದುರಿಂದು. ಎಡಗಡೇದು, ಆಮೇಲೆ ಬಲಗಡೇದು. ಎಲ್ಲಾ ಕೂತ ಮೇಲೆ ಗಟ್ಟಿ ಮಾಡಿ."

ಅಳತೆಯಮ್ಮ ಹಣೆ ಚಚ್ಚಿಕೊಂಡಳು. ಅಯ್ಯೋ, ತೋಳು ಕೂರಿಸುವುದು ಹೀಗೇ ಅಲ್ಲವೇ! ರವಿಕೆಯ ತೋಳನ್ನು ಒಂದು ಕಡೆಯಿಂದ ಹೊಲಿಯುತ್ತ ಸುತ್ತಿ ಬಂದರೆ ಕೊನೆಯಲ್ಲಿ ಬಟ್ಟೆ ಮಿಕ್ಕಿ ಸುಕ್ಕುಗಟ್ಟುತ್ತದೆ. ಮೇಲೊಂದು ಪಿನ್ನು, ಕೆಳಗೊಂದು, ಹಿಂದೊಂದು, ಮುಂದೊಂದು ಚುಚ್ಚಿ ಆಮೇಲೆ ಹೊಲಿಗೆ. ಸಾವಿರ ತೋಳು ಕೂರಿಸಿದವಳು ಕಬ್ಬಿಣ ಕಂಡ ಕೂಡಲೇ ಕಲಿತದ್ದನ್ನೆಲ್ಲ ಮರೆತು ನಿಂತಿದ್ದಳು. ಅಲ್ಲೇ, ಅವನ ಎದುರೇ, ಸಡಿಲಿಸಿ ಸರಿಯಾಗಿ ಕೂರಿಸಿದಳು. ಮುಂದಿನ ಎರಡು ಭಾನುವಾರ ಇನ್ನೆರಡು ಚಕ್ರ. ಹಿಂದಿನ ಬಲ ಚಕ್ರವೊಂದು ಉಳಿಯಿತು. ಅದನ್ನು ಮುಂದಿನ ಭಾನುವಾರ ನೋಡಿದರಾಯಿತು ಅಂದುಕೊಂಡಳು.

ಹಾಳಾದ್ದು, ಕೈಕೊಟ್ಟಿದ್ದು ಅದೇ.

ಗುರುವಾರ ಬೆಳಿಗ್ಗೆ, ಆರೂವರೆ ಕಳೆದಿತ್ತು. ಸೇತುವೆ ದಾಟಿದ ಮೇಲೆ ತಂಗಿ ಅಂದಳು, "ಈ ವಾರ ಮುಗಿಸ್ತೀನಿ ಅಕ್ಕ. ಆಮೇಲೆ ಬರಲ್ಲ. ಡಾಕ್ಟರ್‌ಗೂ ಹೇಳ್ತೀನಿ." ಈ ಸಲದ ದನಿಯಲ್ಲಿ ಕೊರಗಿರಲಿಲ್ಲ, ತೀರ್ಮಾನ ಇತ್ತು. ಅಷ್ಟರಲ್ಲಿ ಹಿಂದಿನಿಂದ ಢಬ್ ಎಂದು ಸದ್ದು. ಕಾರು ಒಂದು ಪಕ್ಕಕ್ಕೆ ಕುಸಿಯಿತು.

ಇಳಿದು ನೋಡಿದಳು, ಟೈರು ನೆಲಕಚ್ಚಿತ್ತು. ಕೈಗವಸು ಹಾಕಿಕೊಂಡಳು, ಉದ್ದ ಹಿಡಿಯ ಸ್ಪ್ಯಾನರು ತೆಗೆದಳು. ಮೂರು ನಟ್ಟು ಕೀಚೆಂದು ಸಡಿಲವಾದವು. ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ. ಯಾವ ಕಾಲದಲ್ಲಿ ನಾಳೆಯಪ್ಪ ಮೆಷಿನ್ನಿನಲ್ಲಿ ಬಿಗಿದಿದ್ದನೋ. ಅಳತೆಯಮ್ಮ ಹಿಡಿಯ ಮೇಲೆ ಒಂದು ಕಾಲಿಟ್ಟು ಒತ್ತಿದಳು. ಎರಡೂ ಕಾಲಿಟ್ಟು ಕಾರಿನ ಚಾವಣಿ ಹಿಡಿದು ಜಗ್ಗಿದಳು. ಊಹೂಂ. ಹಾಲಿನ ವ್ಯಾನಿನವನೊಬ್ಬ ನಿಧಾನ ಮಾಡಿ, "ಮೆಕ್ಯಾನಿಕ್ ಕರೆಸಿ ಅಮ್ಮಾ, ಇದು ನಿಮ್ಮ ಕೈಲಾಗಲ್ಲ" ಎಂದು ಬುದ್ಧಿ ಹೇಳಿ ಹೊರಟೇಹೋದ. ಬುದ್ಧಿ ಹೇಳುವುದಕ್ಕೆ ಬಿಡುವಿತ್ತು, ಇಳಿಯುವುದಕ್ಕಿರಲಿಲ್ಲ, ಮಹಾನುಭಾವನಿಗೆ. ಗಡಿಯಾರ ಆರು ಮುಕ್ಕಾಲು ತೋರಿಸುತ್ತಿತ್ತು.

ಆಗ ಕಾರಿನ ಬಾಗಿಲು ತೆರೆಯಿತು. ಊದಿದ ಕಾಲನ್ನು ಮೆಲ್ಲಗೆ ನೆಲಕ್ಕೂರಿ ತಂಗಿ ಇಳಿದಳು.

"ಏ, ನೀನ್ಯಾಕೆ ಇಳಿದೆ? ಒಳಗೆ ಕೂತ್ಕೋ!"

"ಸರಕೋ."

"ನಿಂಗೆ ತಲೆ ಕೆಟ್ಟಿದ್ಯಾ? ಬೀಳ್ತೀಯ!"

"ಸರಕೋ ಅಂದ್ನಲ್ಲ!" ತಂಗಿಯ ದನಿ ರಸ್ತೆಯಾಚೆಗೂ ಕೇಳುವಷ್ಟು ಏರಿತು. ಎರಡು ವರ್ಷದಲ್ಲಿ ಆ ದನಿ ಒಮ್ಮೆಯೂ ಕೇಳಿರಲಿಲ್ಲ. "ಗಂಟೆ ನೋಡಿದ್ಯಾ? ಹಾಸಿಗೆ ಬೇರೆಯವರಿಗೆ ಕೊಟ್ಬಿಡ್ತಾರೆ. ನಂಗೆ ಹೋಗ್ಬೇಕು ಅಕ್ಕ. ನಂಗೆ ಸಾಯೋಕೆ ಇಷ್ಟ ಇಲ್ಲ."

ಡಯಾಲಿಸಿಸ್ಸಿನ ಸೂಜಿ ಚುಚ್ಚುವ ಎಡಗೈಯನ್ನು ಎದೆಗೆ ಒತ್ತಿಕೊಂಡು, ಬಲಗೈಯಿಂದ ಅಕ್ಕನ ಭುಜ ಹಿಡಿದು, ತಂಗಿ ಹಿಡಿಯ ಮೇಲೆ ಕಾಲಿಟ್ಟಳು. ಪಕ್ಕದಲ್ಲಿ ಅಕ್ಕನ ಕಾಲು. ಇಬ್ಬರೂ ಒಟ್ಟಿಗೆ ಭಾರ ಬಿಟ್ಟರು. ನಟ್ಟು ಒಮ್ಮೆ ಕಿರುಚಿ ತಿರುಗಿತು.

ಅಳತೆಯಮ್ಮ ಜಾಕಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಾರನ್ನು ಎತ್ತಿ, ಕೆಟ್ಟ ಚಕ್ರ ತೆಗೆದು, ಹೆಚ್ಚುವರಿ ಚಕ್ರ ಕೂರಿಸುತ್ತ ಕೈ ಕೆಲಸ ಮಾಡುತ್ತಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮುಖದ ಮೇಲೆಲ್ಲ ನೀರು, ಒರೆಸಿದರೆ ಕೈಗವಸಿನ ಮಸಿ. ತಂಗಿ ಕಾರಿಗೆ ಒರಗಿ ಏದುಸಿರು ಬಿಡುತ್ತ ನಾಲ್ಕೂ ನಟ್ಟುಗಳನ್ನು ಸೆರಗಿನಲ್ಲಿ ಹಿಡಿದು ನಿಂತಿದ್ದಳು.

"ಅಳೋದು ಆಮೇಲೆ ಇಟ್ಕೋ. ತಗೋ, ಇದು ಮೇಲಿಂದು" ಎಂದು ಒಂದು ನಟ್ಟನ್ನು ಅಕ್ಕನ ಕೈಗೆ ಕೊಟ್ಟಳು. "ಬೇಗ ಮಾಡೇ, ತಡ ಆಗ್ತಿದೆ ನಂಗೆ."