ಬಾದಾಮಿ ಓಟು

ಡೆಬೊರಾ ಪೇಣಕರ್ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ದುಬೈಯ ಮಂಗಳೂರಿನವರಿಗೆ ಒಂದೇ ಪ್ರಶ್ನೆ: "ನಿಮ್ಮದು ಯಾವ ಇಗರ್ಜಿ ಆಯ್ತು?" ಅವರದೂ ತಪ್ಪಲ್ಲ ಬಿಡಿ. ಮಂಗಳೂರು ಬಂದರಿನ ಬಳಿ ಹುಟ್ಟಿ ಬೆಳೆದು, ಅರಳು ಹುರಿದ ಹಾಗೆ ಕೊಂಕಣಿ ಮಾತಾಡುತ್ತ, ಊದ್ ಮೇಥಾದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಗೆ ಕೂತ ಹೆಂಗಸು ಕ್ರೈಸ್ತಳಲ್ಲದೆ ಇನ್ನೇನಾಗಿರಲು ಸಾಧ್ಯ? "ಇಗರ್ಜಿ ಇಲ್ಲ ಮಾರಾಯ್ರೆ, ನಾವು ಯೆಹೂದಿಗಳು" ಎಂದು ಡೆಬೊರಕ್ಕ ಹೇಳಿದರೆ ಎದುರಿನವರು ಹಲ್ಲುನೋವನ್ನೇ ಮರೆತು ಬಾಯಿ ತೆರೆದು ನಿಲ್ಲುತ್ತಿದ್ದರು.

ಅದನ್ನೆಲ್ಲ ಅವರು ನಕ್ಕು ಹಾರಿಸಿಬಿಡುತ್ತಿದ್ದರು. ನಗು ಬಾರದ್ದು ಇನ್ನೊಂದು ಕಡೆ. ಜುಮೇರಾದಲ್ಲಿ ಮಿರಿಯಂ ಎಂಬ ದಕ್ಷಿಣ ಆಫ್ರಿಕಾದ ಮಹಿಳೆಯ ವಿಲ್ಲಾದಲ್ಲಿ ಯೆಹೂದಿಗಳ ಓದುವ ಬಳಗವೊಂದು ಸೇರುತ್ತದೆ. ಬಳಗದ ಹಿರಿಯರು ಮೌರಿಸ್. ಆಂಟ್‌ವರ್ಪಿನಿಂದ ಬಂದ ವಜ್ರದ ವ್ಯಾಪಾರಿ, ಪುಸ್ತಕವನ್ನೂ ವಜ್ರದ ಹಾಗೆ ಬೆಳಕಿಗೆ ಹಿಡಿದು ದೋಷ ಹುಡುಕುವ ಆಸಾಮಿ. ಡೆಬೊರಕ್ಕ ಮೊದಲ ಸಲ ಹೋದಾಗ ಅವರು ಕೈಕುಲುಕಿ, "ಭಾರತವೋ! ನಿಮ್ಮ ಕುಟುಂಬ ಯಾವ ವರ್ಷ ಮತಾಂತರ ಆದದ್ದು?" ಎಂದು ಕೇಳಿದ್ದರು.

ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. ಡೆಬೊರಕ್ಕನ ಪೂರ್ವಜರು ಎಷ್ಟೋ ಶತಮಾನಗಳ ಹಿಂದೆ ಹಡಗು ಒಡೆದು ಕೊಂಕಣದ ದಡಕ್ಕೆ ಬಿದ್ದವರು ಎಂದು ಮನೆಯ ಹಿರಿಯರು ಹೇಳುತ್ತಿದ್ದರು. ಊರವರಿಗೆ ಇವರು ಇಗರ್ಜಿಯವರು, ತಮ್ಮವರಿಗೆ ಮೊನ್ನೆ ಮೊನ್ನೆ ಸೇರಿಕೊಂಡವರು. ಅಂದರೆ ಅಲ್ಲಿಗೂ ಸಲ್ಲದ, ಇಲ್ಲಿಗೂ ಸಲ್ಲದ ಪಾಡು. ಅವತ್ತೇ ಡೆಬೊರಕ್ಕ ಹಟ ಹಿಡಿದರು. ತಮ್ಮವರ ಕಥೆ ಇರುವ ಪುಸ್ತಕವನ್ನು ಈ ಬಳಗ ಒಮ್ಮೆಯಾದರೂ ಆರಿಸಬೇಕು. ಆಮೇಲೆ ಆ ಪ್ರಶ್ನೆ ಕೇಳುವ ಧೈರ್ಯ ಯಾರಿಗಿದೆ ನೋಡೋಣ.

ಪುಸ್ತಕವೇನೋ ಇತ್ತು. ಹುಬ್ಬಳ್ಳಿಯಲ್ಲಿ ಟೀಚರಾಗಿದ್ದ, ಅವರದೇ ಸಮುದಾಯದ ಹನ್ನಾಬಾಯಿ ಎಂಬವರು ಬರೆದು ತಾವೇ ಅಚ್ಚು ಹಾಕಿಸಿದ 'ಶನಿವಾರದ ಗಾಣ'. ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿದ ಅದೊಂದೇ ಪ್ರತಿ. ಅದು ಕನ್ನಡದ್ದು, ಬಳಗದ ಬೇರೆ ಯಾರಿಗೂ ಕನ್ನಡದ ಗಂಧಗಾಳಿ ಇಲ್ಲ.

ಆ ಬಳಗ ಪುಸ್ತಕ ಆರಿಸುವ ರೀತಿಯೂ ಒಂದು ಚೋದ್ಯವೇ. ಅವರು ಸೇರುವುದು ಶನಿವಾರ, ಸಬ್ಬತ್ತಿನ ಊಟ ಮುಗಿದ ಮೇಲೆ. ಶುಕ್ರವಾರದ ಸಂಜೆಯಿಂದ ಶನಿವಾರ ನಕ್ಷತ್ರ ಕಾಣುವ ತನಕ ಸಬ್ಬತ್ತು, ಅಂದರೆ ಯಾವ ಕೆಲಸವನ್ನೂ ಮಾಡದ ವಿಶ್ರಾಂತಿ. ಬರೆಯುವಂತಿಲ್ಲ, ಫೋನ್ ಮುಟ್ಟುವಂತಿಲ್ಲ, ಕೈಯಲ್ಲಿ ಸಾಮಾನು ಹಿಡಿದು ಬೀದಿಗೆ ಇಳಿಯುವಂತಿಲ್ಲ. ಚೀಟಿಯಿಲ್ಲ, ಫೋನಿಲ್ಲ, ಮತ್ತೆ ಓಟು ಹಾಕುವುದು ಹೇಗೆ? ಬಾದಾಮಿಯಿಂದ! ಮೇಜಿನ ಮೇಲೆ ಪ್ರತಿ ಪುಸ್ತಕದ ಮುಂದೆ ಒಂದು ಬಟ್ಟಲು. ಇಷ್ಟವಾದ ಪುಸ್ತಕದ ಬಟ್ಟಲಿಗೆ ಒಂದು ಬಾದಾಮಿ ಹಾಕಬೇಕು.

ಹಿಂದಿನ ಸಲ ಡೆಬೊರಕ್ಕನ ಬಟ್ಟಲಿಗೆ ಬಿದ್ದದ್ದು ಒಂದೇ ಬಾದಾಮಿ, ಅದೂ ಅವರದ್ದೇ. ಸಾಲದ್ದಕ್ಕೆ ಮೌರಿಸ್ ಮಾತಿನ ಭರದಲ್ಲಿ ಅದನ್ನು ಎತ್ತಿ ಬಾಯಿಗೆ ಹಾಕಿ ಕರುಮ್ಮನೆ ಕಡಿದರು! ತಿಂದದ್ದು ಓಟು ಎಂದು ಗೊತ್ತಾದ ಮೇಲೂ, "ಎಲ್ಲರೂ ಓದಲಾಗದ ಪುಸ್ತಕಕ್ಕೆ ಹೇಗೂ ಅದು ವ್ಯರ್ಥ" ಎಂದರೇ ಹೊರತು ಕ್ಷಮೆ ಕೇಳಲಿಲ್ಲ. ಡೆಬೊರಕ್ಕನ ಮೈಯೆಲ್ಲ ಉರಿಯಿತು. "ಒಂದು ಅಧ್ಯಾಯ ಇಂಗ್ಲಿಷಿಗೆ ಮಾಡಿ ಕಳಿಸುತ್ತೇನೆ, ಓದಿ ನೋಡಿ ಹೇಳಿ" ಎಂದು ಸವಾಲು ಹಾಕಿಯೇ ಎದ್ದು ಬಂದರು.

ಮರುದಿನದಿಂದಲೇ ಡ್ಯೂಟಿ ಮುಗಿಸಿ ಬಂದು, ಸತ್ವಾದ ಶೇರಿಂಗ್ ವಿಲ್ಲಾದಲ್ಲಿ ಮಂಚದ ತುದಿಗೆ ಕೂತು ಟೈಪ್ ಮಾಡಿದ್ದೇ ಮಾಡಿದ್ದು. ಪಕ್ಕದ ರೂಮಿನ ಲೋಲಾಕ್ಷಿ ಉಡುಪಿ ಕಡೆಯವಳು, ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಡೆಬೊರಕ್ಕ ಅನ್ನಕ್ಕೆ ಇಡುತ್ತ ಆ ಪುಸ್ತಕದ ಕಥೆಗಳನ್ನು ಬಾಯಲ್ಲೇ ಹೇಳಿದ್ದನ್ನೆಲ್ಲ ಕೇಳಿ, ಮುಸುರೆ ಕೈಯಲ್ಲೇ ಕಣ್ಣು ಒರೆಸಿಕೊಂಡವಳು. ಈಗ ಟೈಪ್ ಆದದ್ದನ್ನು ಓದಿ ಮುಖ ಹುಳಿ ಮಾಡಿದಳು.

"ಎಂತ ಡೆಬೊರಕ್ಕ ಇದು? ನೀವು ಬಾಯಲ್ಲಿ ಹೇಳುವಾಗ ಎಷ್ಟು ಚಂದ ಇತ್ತು! ಇದು ನಮ್ಮ ಹೋಟೆಲಿನ ಎಚ್.ಆರ್. ಆಫೀಸಿನವ ಕಳಿಸುವ ಸರ್ಕ್ಯುಲರ್ ಇದ್ದ ಹಾಗೆ ಉಂಟು."

"ಸುಮ್ನಿರು ಮಾರಾಯ್ತಿ. ಅವರು ಕಲಿತವರು, ಅವರಿಗೆ ಹೀಗೇ ಆಗಬೇಕು."

"ಹಾಗಾದ್ರೆ ಖಲಾಸ್. ನಿಮ್ಮಿಷ್ಟ" ಎಂದು ಲೋಲಾಕ್ಷಿ ಸೊಂಟಕ್ಕೆ ಕೈ ಕೊಟ್ಟು ಹೋದಳು.

ಶುಕ್ರವಾರ ಮಧ್ಯಾಹ್ನ ಡೆಬೊರಕ್ಕ ಪುಸ್ತಕವನ್ನು ಮಿರಿಯಂ ಮನೆಯಲ್ಲಿ ಇಟ್ಟು ಬಂದರು. ಶನಿವಾರ ಹಿಡಿದುಕೊಂಡು ಹೋಗುವಂತಿಲ್ಲವಲ್ಲ. ಆಮೇಲೆ ರೂಮಿಗೆ ಬಂದು ಕೊನೆಯ ಪುಟ ತಿದ್ದಿ, ತೀಡಿ, ಮತ್ತೆ ತಿದ್ದಿ, ಬಳಗದ ವಾಟ್ಸಾಪಿಗೆ ಕಳಿಸಿದಾಗ ಕಿಟಕಿಯಲ್ಲಿ ಸೂರ್ಯ ಇನ್ನೂ ಕಾಣುತ್ತಿದ್ದ. ಸದ್ಯ, ಹೊತ್ತಿಗೆ ಮುಂಚೆ ಕೆಲಸ ಆಯಿತು ಎಂದು ಫೋನ್ ಕಪಾಟಿಗೆ ಹಾಕಿ ಸಬ್ಬತ್ತಿನ ದೀಪ ಹಚ್ಚಲು ಎದ್ದರು.

ಕಡ್ಡಿ ಗೀರುವಾಗ ನೆನಪಾಯಿತು. ಅಯ್ಯೋ ದೇವರೇ! ಮಂಗಳೂರಿನ ಮನೆಯಲ್ಲಿ ಅಮ್ಮ ದೀಪ ಹಚ್ಚುತ್ತಿದ್ದದ್ದು ಸೂರ್ಯ ಕಡಲಿಗೆ ಇಳಿಯುವುದನ್ನು ಕಣ್ಣಾರೆ ನೋಡಿ. ಈ ಬಳಗದವರು ಹಾಗಲ್ಲ. ಸೂರ್ಯ ಮುಳುಗುವುದಕ್ಕೆ ಸಾಕಷ್ಟು ಮುಂಚೆಯೇ ದೀಪ ಹಚ್ಚಿ ಫೋನ್ ಮುಚ್ಚಿಟ್ಟುಬಿಡುತ್ತಾರೆ. ಇನ್ನು ನಾಳೆ ನಕ್ಷತ್ರ ಮೂಡುವ ತನಕ ಯಾರೂ ಅದನ್ನು ತೆರೆಯುವುದಿಲ್ಲ. ಓಟು ನಾಳೆ ಮಧ್ಯಾಹ್ನ! ಇಷ್ಟು ದಿನದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ ಎಂದು ಡೆಬೊರಕ್ಕ ತಲೆಗೆ ಕೈ ಹೊತ್ತು ಕೂತರು.

ಮರುದಿನ ಹೋಗುವುದೇ ಬೇಡ ಎಂದುಕೊಂಡರು. ಆದರೆ ಪುಸ್ತಕ ಅಲ್ಲಿತ್ತು. ಅದೊಂದನ್ನೇ ಅಲ್ಲಿ ಬಿಟ್ಟರೆ ಹನ್ನಾಬಾಯಿಯನ್ನು ಪರರ ಮನೆಯಲ್ಲಿ ಒಂಟಿಯಾಗಿ ಕೂರಿಸಿ ಬಂದ ಹಾಗೆ. ಸತ್ವಾದಿಂದ ಜುಮೇರಾಕ್ಕೆ ಬರಿಗೈಯಲ್ಲಿ ನಡೆದೇ ಹೊರಟರು. ದಾರಿಯುದ್ದಕ್ಕೂ ತಮ್ಮನ್ನು ತಾವೇ ಬೈದುಕೊಂಡರು, ಅದೂ ಕೊಂಕಣಿಯಲ್ಲಿ.

ಅವರು ಅಂದುಕೊಂಡದ್ದೇ ಆಯಿತು, ಯಾರೂ ಓದಿರಲಿಲ್ಲ. ಮೇಜಿನ ಮೇಲೆ ಮೌರಿಸ್ ಮೊದಲೇ ತಂದಿಟ್ಟಿದ್ದ ಇಟ್ಟಿಗೆ ಗಾತ್ರದ ಪುಸ್ತಕ, ಯುರೋಪಿನ ಯಾವುದೋ ಬ್ಯಾಂಕರ್ ಮನೆತನದ್ದು. ಪಕ್ಕದಲ್ಲಿ ಅಂಚು ತಿಂದುಹೋದ 'ಶನಿವಾರದ ಗಾಣ'.

"ಓದದ ಪುಸ್ತಕಕ್ಕೆ ಬಟ್ಟಲು ಯಾಕೆ? ತೆಗೆದುಬಿಡಿ" ಎಂದರು ಮೌರಿಸ್.

ಮಿರಿಯಂ ಅತ್ತಿತ್ತ ನೋಡಿ ಬಟ್ಟಲಿಗೆ ಕೈ ಹಾಕಿದರು. ಡೆಬೊರಕ್ಕನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬಟ್ಟಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಿಮ್ಮ ಕಣ್ಣು ಓದಿಲ್ಲ, ಸರಿ. ಕಿವಿಗೆ ಏನಾಗಿದೆ? ಸಬ್ಬತ್ತಿನಲ್ಲಿ ಕಿವಿ ಮುಚ್ಚಬೇಕು ಅಂತ ಎಲ್ಲೂ ಇಲ್ಲವಲ್ಲ!"

ಹಾಗೆಂದವರೇ ಪುಸ್ತಕ ತೆರೆದರು. ಒಂದು ಸಾಲು ಕನ್ನಡದಲ್ಲಿ ಓದುವುದು, ಬಾಯಿಗೆ ಬಂದ ಇಂಗ್ಲಿಷಿನಲ್ಲಿ ಹೇಳುವುದು. ಕೊಂಕಣದ ಒಂದು ಹಳ್ಳಿ. ಎಣ್ಣೆ ತೆಗೆಯುವ ಕುಲ. ಊರಿನ ಗಾಣಗಳೆಲ್ಲ ತಿರುಗುವಾಗ ಶನಿವಾರ ಇವರದೊಂದು ನಿಂತಿರುತ್ತದೆ, ಎತ್ತು ಮೆಲುಕು ಹಾಕುತ್ತ ಮಲಗಿರುತ್ತದೆ. ಒಬ್ಬ ಸಾಹುಕಾರ ಮಗಳ ಮದುವೆಗೆ ಎಣ್ಣೆ ಬೇಕೆಂದು ಶನಿವಾರವೇ ಬಂದು ನಿಲ್ಲುತ್ತಾನೆ. ಆ ಮನೆಯ ಅಜ್ಜಿ, ಆಗುವುದಿಲ್ಲ ಎನ್ನುತ್ತಾಳೆ. ಸಾಹುಕಾರ ರೇಗುತ್ತಾನೆ: ಶನಿವಾರ ಗಾಣ ಕಟ್ಟಬಾರದು ಅಂತ ಯಾವ ಪುಸ್ತಕದಲ್ಲಿ ಬರೆದಿದೆ? ತೋರಿಸು!

ಡೆಬೊರಕ್ಕ ಬೇಕೆಂದೇ ಅಲ್ಲಿ ನಿಲ್ಲಿಸಿ ಒಂದು ಗುಟುಕು ನೀರು ಕುಡಿದರು.

"ಹೇಳಿ, ಹೇಳಿ! ಅಜ್ಜಿ ಏನಂದಳು?" ಮೌರಿಸ್ ಕುರ್ಚಿಯ ತುದಿಗೆ ಬಂದಿದ್ದರು.

"ಅಜ್ಜಿ ಅಂದಳು: ತೋರಿಸಲು ನಮ್ಮಲ್ಲಿ ಪುಸ್ತಕವೇ ಇಲ್ಲ ಸಾಹುಕಾರ್ರೇ. ಹಡಗು ಒಡೆದ ದಿನ ಪುಸ್ತಕ ಮುಳುಗಿತು. ಶನಿವಾರ ಈಜಿ ದಡ ಸೇರಿತು."

ಸಬ್ಬತ್ತಿಗೆಂದು ಎಲ್ಲರೂ ಕೆಲಸ ಬಿಟ್ಟು, ಫೋನ್ ಬಿಟ್ಟು ಕೂತಿದ್ದ ಕೋಣೆ ಅದು. ಅದೇ ಶನಿವಾರವನ್ನು ಪುಸ್ತಕವಿಲ್ಲದೆ, ಗುರುವಿಲ್ಲದೆ, ಒಂದು ಗಾಣ ನಿಲ್ಲಿಸಿ ಕಾಪಾಡಿದವಳ ವಂಶದವರು ಎದುರಿಗೆ ನಿಂತಿದ್ದರು. ಮಿರಿಯಂ ಕಣ್ಣು ಒರೆಸಿಕೊಂಡರು.

ಮೌರಿಸ್ ನಿಧಾನವಾಗಿ ಎದ್ದರು. "ಮೊದಲ ದಿನ ನಾನು ನಿಮಗೊಂದು ಪ್ರಶ್ನೆ ಕೇಳಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕೇಳಬಾರದಿತ್ತು" ಎಂದು 'ಶನಿವಾರದ ಗಾಣ'ದ ಬಟ್ಟಲಿಗೆ ಒಂದು ಬಾದಾಮಿ ಹಾಕಿದರು. "ಇದು ನನ್ನ ಓಟು." ಮತ್ತೊಂದು ಹಾಕಿದರು. "ಇದು ಹಿಂದಿನ ಸಲ ತಿಂದದ್ದು."

ಕೋಣೆ ಗೊಳ್ಳೆಂದು ನಕ್ಕಿತು. ಆಮೇಲೆ ಟಣ್ ಟಣ್ ಎಂದು ಬಾದಾಮಿ ಬಿದ್ದದ್ದೇ ಬಿದ್ದದ್ದು. ದಪ್ಪ ಪುಸ್ತಕದ ಬಟ್ಟಲು ಖಾಲಿಯೇ ಉಳಿಯಿತು, ಅದನ್ನು ತಂದವರೇ ಕೈಬಿಟ್ಟ ಮೇಲೆ ಇನ್ನು ಯಾರು ಹಾಕುತ್ತಾರೆ? ಇಂಗ್ಲಿಷಿನಲ್ಲಿ ಅಚ್ಚಾಗಿಲ್ಲದ ಪುಸ್ತಕವನ್ನು ಓದುವುದು ಹೇಗೆ ಎಂದು ಯಾರೋ ರಾಗ ಎಳೆದರು. ಕತ್ತಲಾದ ಮೇಲೆ ಫೋನಿಗೆ ಬಂದದ್ದನ್ನು ನೋಡಿ ತೀರ್ಮಾನಿಸೋಣ ಎಂದರು ಮಿರಿಯಂ.

ನಕ್ಷತ್ರ ಮೂಡುವ ಹೊತ್ತಿಗೆ ಡೆಬೊರಕ್ಕ ಸತ್ವಾ ಸೇರಿದ್ದರು. ಕೈ ಬೀಸಿಕೊಂಡು ನಡೆದು ಬಂದ ರೀತಿಯಲ್ಲೇ ಲೋಲಾಕ್ಷಿಗೆ ಎಲ್ಲ ಗೊತ್ತಾಗಿ ಆಗಲೇ ಶೀರಾಕ್ಕೆ ರವೆ ಹುರಿಯುತ್ತಿದ್ದಳು. ಕತ್ತಲಾಗಿ ಸುಮಾರು ಹೊತ್ತಾದ ಮೇಲೆ ಕಪಾಟಿನಿಂದ ಫೋನ್ ತೆಗೆದರೆ ನಿನ್ನೆಯ ಮೆಸೇಜಿನ ಕೆಳಗೆ ಮೌರಿಸರ ಉತ್ತರ ಬಂದು ಕೂತಿತ್ತು. ಡೆಬೊರಕ್ಕ ಅದನ್ನು ಗಟ್ಟಿಯಾಗಿ ಓದಿದರು:

"ನಿಮ್ಮ ಅನುವಾದ ಓದಿದೆ. ಬಹಳ ಕೆಟ್ಟದಾಗಿದೆ. ದಯವಿಟ್ಟು ಇನ್ನು ಟೈಪ್ ಮಾಡಬೇಡಿ. ಮುಂದಿನ ಶನಿವಾರದಿಂದ ಇಡೀ ಪುಸ್ತಕ ನೀವೇ ಬಾಯಲ್ಲಿ ಹೇಳಬೇಕು, ನಾವು ಕೇಳುತ್ತೇವೆ."

"ನಾನು ಎಂತ ಹೇಳಿದ್ದು ನಿಮಗೆ!" ಎಂದು ಲೋಲಾಕ್ಷಿ ಸೌಟು ಎತ್ತಿ ಕುಣಿದಳು.