ಹಾರವಾಡದಲ್ಲಿ ಒಂದು ಪಾಲು

ಕಾರವಾರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಎಸ್‌ಟಿಡಿ ಬೂತು ತೆರೆದಿತ್ತು, ಫೋನು ಮಾಡಲು ನನಗೆ ಯಾರೂ ಇರಲಿಲ್ಲ. ಹಾರವಾಡದ ಕಡಲ ದಂಡೆಗಿಳಿದೆ. ಮೀನುಗಾರರು ಬಲೆ ಎಳೆಯುತ್ತಿದ್ದರು, ಸುಮ್ಮನೆ ನಿಲ್ಲಲು ಸಂಕೋಚವಾಗಿ ನಾನೂ ಹಗ್ಗ ಹಿಡಿದೆ. ಬಲೆ ದಡ ಸೇರಿದ ಮೇಲೆ ಮೀನು ಹಂಚುತ್ತಿದ್ದ ಮುದುಕಿ ನನ್ನ ಮುಂದೂ ಒಂದಿಷ್ಟು ಬಂಗಡೆ ಸುರಿದಳು.

“ನನಗ್ಯಾಕಮ್ಮ?”

“ಹಗ್ಗ ಹಿಡ್ದವ್ರಿಗೆಲ್ಲ ಪಾಲು ಅದೆ.”

ಆಚೆ ಇದ್ದ ಇನ್ನೊಂದು ಮೀನಿನ ಗುಡ್ಡೆಯನ್ನು ಯಾರೂ ಮುಟ್ಟಲಿಲ್ಲ. ಅದು ಹಳೆಯ ಶಾಸಕರದಂತೆ. ಪ್ರತಿ ವರ್ಷ ಅವರು ತೀರಿಕೊಂಡ ದಿನ ಹೀಗೆ ತೆಗೆದಿಡುತ್ತಾರಂತೆ, ಆ ದಿನ ಇವತ್ತು.

“ಓಟು ಕೇಳುವಾಗ ಹಗ್ಗ ಹಿಡಿದಿದ್ದರೋ?” ನನ್ನ ದನಿಯಲ್ಲಿ ವ್ಯಂಗ್ಯವಿತ್ತು.

“ಆಗ ಎಲ್ಲಾರೂ ಹಿಡೀತ್ರು, ಫೋಟೋಕೆ. ಇವ್ರು ಸೋತ ಮೇಲೆ ಬಂದ್ರು. ಸಂಗ್ತಿಗೆ ಒಬ್ರೂ ಇಲ್ಲ. ಹಗ್ಗ ಎಳ್ದು, ಪಾಲು ತಕಂಡು ಬಸ್ಸಿಗೆ ಹೋದ್ರು. ಸಾಯೂವರೆಗೂ ಹಂಗೇ ಬರ್ತಿದ್ರು.”

“ಈಗ ಇದು ಯಾರಿಗೆ?”

ಮುದುಕಿ ನನ್ನನ್ನೇ ನೋಡಿದಳು. “ನೀವೂ ಒಬ್ರೇ ಬಂದೀರಲ್ರಾ” ಎಂದು ಎರಡೂ ಪಾಲನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟಳು. ಕಾರವಾರದ ಲಾಡ್ಜಿನಲ್ಲಿ ನನಗೆ ಒಲೆಯಿಲ್ಲ; ಆದರೂ ಕೈಚಾಚಿ ತೆಗೆದುಕೊಂಡೆ.

ಬಸ್ಸಿನಲ್ಲಿ ಕಟ್ಟನ್ನು ಪಕ್ಕದ ಸೀಟಿನಲ್ಲಿಟ್ಟೆ. ಅಮದಳ್ಳಿಯಲ್ಲಿ ಹತ್ತಿದವರೊಬ್ಬರು ಬಗ್ಗಿ ಕೇಳಿದರು: “ಇಲ್ಲಿ ಯಾರಾದ್ರೂ ಇದ್ದಾರ?”

ಹೂಂ ಎಂದೆ.